ಮೂರನೇ ಆಪರೇಷನ್

ಮುಂಜಿಗೆ ಮೊದಲು ಮೊಮ್ಮಗ ಅಭಿನವನಿಗೆ ಮೂರನೇ ಆಪರೇಷನ್ ಆಗಿಯೇ ತೀರಬೇಕೆಂದು ತುಂಗಮ್ಮ ಹಠ ಹಿಡಿದಿದ್ದರು. ಆಗಕೂಡದೆಂದು ಸೊಸೆ ಮಾಲವಿಕಾ ಅದಕ್ಕಿಂತ ಗಟ್ಟಿಯಾಗಿ ಹಠ ಹಿಡಿದಿದ್ದಳು. ಮಗ ಸುಧೀಂದ್ರ ಇಬ್ಬರಿಗೂ ತಲೆಯಾಡಿಸುತ್ತಲೇ ಅಮ್ಮನ ಮಾತಿಗೆ ಆಸ್ಪತ್ರೆಯಲ್ಲಿ ಡೇಟ್ ಹಿಡಿದುಬಿಟ್ಟಿದ್ದ.

ಹುಡುಗನಿಗೆ ಹುಟ್ಟಿನಿಂದಲೇ ಮೂತ್ರದ ದ್ವಾರ ತುದಿಯಲ್ಲಿರದೆ ಕೆಳಗಿತ್ತು. ಎರಡು ಸಲ ಕೊಯ್ದು ಹೊಲಿದಾಗಿತ್ತು. ಈಗ ನೋವಿಲ್ಲ, ತೊಂದರೆಯಿಲ್ಲ. ನಿಂತು ಮೂತ್ರ ಮಾಡಿದರೆ ಕಾಲ ಮೇಲೆ ಬೀಳುತ್ತದೆಂದು ಕೂತು ಮಾಡುತ್ತಾನೆ, ಅಷ್ಟೇ. 'ಆತುರವೇನಿಲ್ಲ, ದೊಡ್ಡವನಾದ ಮೇಲೆ ಅವನೇ ಹೇಳಲಿ' ಎಂದು ಡಾಕ್ಟರೇ ಅಂದಿದ್ದರು. ನಾಲ್ಕು ಜನ ಏನಂದಾರು ಎಂದು ಹೆದರುವವರಿಗೆ ಡಾಕ್ಟರ ಮಾತು ಯಾವ ಲೆಕ್ಕ!

ಭಾನುವಾರ ಬೆಳಿಗ್ಗೆ ವಿಜಯನಗರದ ಮನೆಯಲ್ಲಿ ಗಂಡ, ಮಗ, ಸೊಸೆಯೊಂದಿಗೆ ಕಾಫಿ ಕುಡಿಯುತ್ತಾ ತುಂಗಮ್ಮ ಮತ್ತೆ ಶುರು ಮಾಡಿದರು.

"ಛತ್ರದ ತುಂಬ ಜನ ಇರ್ತಾರೆ. ಇವನು ಹೆಣ್ಣುಮಕ್ಕಳ ಹಾಗೆ ಕೂತ್ರೆ ಮರ್ಯಾದೆ ಉಳಿಯತ್ತಾ? ಗಂಡಸು ಅಂದ್ಮೇಲೆ ನಿಂತ್ಕೊಂಡೇ ಮಾಡ್ಬೇಕು."

"ಯಾರು ಹೇಳಿದ್ದು?" ಬಾಗಿಲಲ್ಲಿ ನಿಂತಿದ್ದ ಅಭಿನವ್ ಕೇಳಿದ. "ಒಳಗೆ ಹೋಗೋ" ಎಂದು ಅಪ್ಪ ಗದರಿದರೂ ಜಗ್ಗಲಿಲ್ಲ. "ತಾತನೂ ಕೂತ್ಕೊಂಡೇ ಮಾಡ್ತಾನಲ್ಲ ಅಜ್ಜಿ? ತಾತಂಗೆ ಯಾವಾಗ ಆಪರೇಷನ್?"

ನಾಣಿ ತಾತ ಹಳೇ ಕಾಲದ ಆಚಾರವಂತರು. ಜನಿವಾರವನ್ನು ಬಲಗಿವಿಗೆ ಸುತ್ತಿಕೊಂಡು, ಕೂತೇ ಮೂತ್ರ ಮಾಡುವವರು. ನಿಂತು ಮಾಡುವವರನ್ನು ಕತ್ತೆಗಳೆಂದು ಬೈಯುವವರು. ಮದುವೆಯಾದಾಗಿನಿಂದ ಕಾಣುತ್ತಲೇ ಬಂದಿದ್ದರೂ ಅದು ತುಂಗಮ್ಮನವರಿಗೆ ಈ ಹೊತ್ತಿನವರೆಗೆ ಹೊಳೆದೇ ಇರಲಿಲ್ಲ.

ತಾತ ಲೋಟ ಕೆಳಗಿಟ್ಟು ನಕ್ಕರು. "ಶಾಸ್ತ್ರ ಹೇಳೋದೇ ಹಾಗೆ ಕಣೇ ತುಂಗಾ. ಈ ಮನೇಲಿ ಶಾಸ್ತ್ರೋಕ್ತವಾಗಿ ಇರೋರು ನಾವಿಬ್ಬರೇ."

"ಅದು ಬೇರೆ, ಇದು ಬೇರೆ!"

"ಏನು ಬೇರೆ ಅತ್ತೆ?" ಮಾಲವಿಕಾ ಸಿಟ್ಟಿನಿಂದ ಕೇಳಿದಳು. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ 'ಅಮ್ಮಾ' ಎಂದು ಕಿರುಚುತ್ತಿದ್ದ ಮಗುವಿನ ಬೆರಳುಗಳನ್ನು ಎರಡು ಸಲವೂ ತನ್ನ ಸೆರಗಿನಿಂದ ಬಿಡಿಸಿಕೊಟ್ಟವಳು ಅವಳೇ. "ಮಾವ ಕೂತ್ರೆ ಆಚಾರ, ನನ್ನ ಮಗ ಕೂತ್ರೆ ಅವಮಾನ! ನಿಮ್ಮ ಮರ್ಯಾದೆಗೋಸ್ಕರ ಅವನನ್ನ ಇನ್ನೊಂದ್ಸಲ ಕೊಯ್ಯೋಕೆ ನಾನು ಬಿಡಲ್ಲ."

ಗಂಡನ ಮುಂದೆ ಕೈ ಚಾಚಿದಳು. ಸುಧೀಂದ್ರ ಅಮ್ಮನ ಮುಖ ನೋಡಿದ, ಮಗನ ಮುಖ ನೋಡಿದ, ಫೋನ್ ಕೊಟ್ಟ. ಎಲ್ಲರ ಎದುರಿಗೇ ಅವಳು ಆಸ್ಪತ್ರೆಗೆ ಫೋನ್ ಮಾಡಿದಳು.

"ಅಭಿನವ್ ಅಂತ ಪೇಷೆಂಟು. ಕ್ಯಾನ್ಸಲ್ ಮಾಡ್ಬಿಡಿ. ಮುಂದಿನ ಡೇಟ್ ಬೇಕಾ ಅಂತೀರಾ? ಬೇಕು ಅನ್ಸಿದ್ರೆ ಅವನೇ ಒಂದಿನ ಫೋನ್ ಮಾಡ್ತಾನೆ ಬಿಡಿ."