ಹಿಮ್ಮೇಳದ ಸಾಲು

ಬೋರಣ್ಣ ಎರಡನೆಯ ಸಾಲನ್ನು ಮತ್ತೊಮ್ಮೆ ಹಾಡಿದ. ಮೊದಲನೆಯದನ್ನು ಯಾರೂ ಹಾಡಿರಲಿಲ್ಲ.

"ಬಾಗಿಲು ತೆರೆದೈತೆ, ಹೊಂಟೇನು ನಾನು..."

ಎರ್ರಿಸ್ವಾಮಿಯ ಡೋಲಕ್ ನಾಲ್ಕು ಪೆಟ್ಟು ಜೊತೆಗೆ ಬಂದು ನಿಂತಿತು. ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ನಾಗರಾಜಪ್ಪನ ಹಣೆಯ ವಿಭೂತಿ ಒಣಗಿ ಬಿರುಕು ಬಿಟ್ಟಿತ್ತು. ಮತ್ತೋಡಿನ ಸುತ್ತ ಎಲ್ಲಿ ಸಾವಾದರೂ ಮೂವತ್ತು ವರ್ಷ ಪದದ ಮೊದಲ ಸಾಲು ಎತ್ತಿಕೊಟ್ಟವನು ಆತ. ಎತ್ತಿದ್ದನ್ನು ಮುಗಿಸಿಕೊಡುತ್ತಿದ್ದವರು ಇವರಿಬ್ಬರು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಬಚ್ಚಲಲ್ಲೇ ಕುಸಿದು ಸತ್ತಿದ್ದ. ಪದಗಳನ್ನು ಎಲ್ಲೂ ಬರೆದಿಟ್ಟಿರಲಿಲ್ಲ.

"ಮುಂದಿಂದು ಹಾಡ್ರಪ್ಪ," ಅಂದಳು ಆತನ ಹೆಂಡತಿ ಶಿವಗಂಗಮ್ಮ. "ಊರೋರ್ನೆಲ್ಲ ಪದ ಹೇಳಿ ಕಳಿಸಿದೋರು. ಅವ್ರನ್ನ ಮೂಗರಂಗೆ ಕಳಿಸ್ತೀರಾ?"

"ಮುಂದಿಂದು ಬರ್ತೈತೆ ಅಕ್ಕ. ಹಿಂದಿಂದೇ ಬರಲ್ಲ," ಅಂದ ಎರ್ರಿಸ್ವಾಮಿ.

ಬೋರಣ್ಣ ತಲೆ ತಗ್ಗಿಸಿದ. ಕುಂತು ಕುಂತು ಮಂಡಿ ಸೆಟೆದಿದ್ದವು. ನಾಗರಾಜಪ್ಪ ಕಣ್ಣು ಮುಚ್ಚಿ ಮೊದಲ ಸಾಲನ್ನು ಮನೆಗೊಂದು ರೀತಿ ಎಳೆಯುತ್ತಿದ್ದ. ಅದು ಎಲ್ಲಿ ಇಳಿಯುತ್ತದೆ ಅನ್ನುವುದಷ್ಟೇ ಬೋರಣ್ಣನ ಕಿವಿಗೆ ಬೇಕಿತ್ತು. ಇಳಿದ ಕೂಡಲೇ ತಾಳ ಕುಟ್ಟಿ ತನ್ನದನ್ನು ಹೇಳುತ್ತಿದ್ದ. ಅಷ್ಟೇ ಕೆಲಸ. ಒಂದು ಸಾವು ಮುಗಿಸಿ, ಸ್ನಾನ ಮಾಡಿ, ಉಂಡು ಮಲಗುವುದು.

ನಾಲ್ಕಕ್ಕೆ ಹೆಣ ಎತ್ತಬೇಕು. ಹೊಲದಲ್ಲಿ ಕುಣಿ ತೋಡಿ ಆಗಿತ್ತು.

ನಾಗರಾಜಪ್ಪನ ತಂಗಿಯ ಮಗ ಗುರುರಾಜ್ ಸ್ಪೀಕರ್ ತಂದು ಜಗಲಿಯ ಮೇಲಿಟ್ಟ. "ಮಾವ ಹಾಡಿದ್ದು ನನ್ನ ಫೋನಾಗೈತೆ. ಹೋದ ವರ್ಷ ಚಂದ್ರಕ್ಕ ತೀರ್ಕಂಡಾಗ ರೆಕಾರ್ಡ್ ಮಾಡ್ಕಂಡಿದ್ದೆ."

ಸ್ಪೀಕರಿನಲ್ಲಿ ನಾಗರಾಜಪ್ಪನ ಕೆಮ್ಮು ಕೇಳಿಸಿತು. ಅಳುತ್ತಿದ್ದ ಹೆಂಗಸರು ಅತ್ತ ತಿರುಗಿದರು.

"ಲೇ ಬೋರ, ತೂಕಡಿಸಬ್ಯಾಡ! ತಾಳ ಹಿಡಿ!"

ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಶಿವಗಂಗಮ್ಮನೂ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಸಾಲು ಎದ್ದಿತು.

"ಹೊತ್ತು ಇಳಿದೈತೆ ಚಂದ್ರಕ್ಕ, ಎಲ್ಲಿದ್ದೀಯೇ ತಾಯಿ?"

ಬೋರಣ್ಣನ ಬಾಯಿ ತಾನಾಗಿಯೇ ತೆರೆಯಿತು. ಸ್ಪೀಕರಿನೊಳಗಿನ ಬೋರಣ್ಣನೂ ಹೊರಗಿನವನೂ ಒಟ್ಟಿಗೆ ಹೇಳಿದರು: ಬಾಗಿಲು ತೆರೆದೈತೆ, ಹೊಂಟೇನು ನಾನು.

ಹೇಳಿದ ಮೇಲೆ ತಾಳ ಅವನ ಕೈಯಲ್ಲಿ ಹಾಗೇ ಉಳಿಯಿತು. ಇಷ್ಟು ವರ್ಷ ಅದನ್ನು ದೇವರ ಪದ ಅಂದುಕೊಂಡಿದ್ದ, ಮನೆಯವರ ಸಮಾಧಾನಕ್ಕೆ ಹೇಳುವಂಥದ್ದು. ಹೊರಟ 'ನಾನು' ಯಾರೆಂದು ಕೇಳಿಕೊಂಡಿರಲಿಲ್ಲ. ನಾಗರಾಜಪ್ಪ ಸತ್ತವರನ್ನು ಹೆಸರು ಹಿಡಿದು ಕರೆಯುತ್ತಿದ್ದ. ಅವರ ಬದಲಿಗೆ ಓಗೊಡುತ್ತಿದ್ದವನು ತಾನು. ಚಂದ್ರಕ್ಕನ ಬದಲಿಗೆ. ಲಾರಿ ಗುದ್ದಿ ಸತ್ತ ಹಿರಿಯೂರಿನ ಹುಡುಗನ ಬದಲಿಗೆ. ಸ್ವಂತ ಅವ್ವನ ಬದಲಿಗೂ. ಅವತ್ತು ಬಂದವರಿಗೆ ಚಹಾ ಸಾಲುತ್ತದೋ ಇಲ್ಲವೋ ಎಂದು ಯೋಚಿಸುತ್ತಲೇ ಹಾಡಿದ್ದ. ಅಷ್ಟು ಸಲ ಹೊರಟವನಿಗೆ ಸುಸ್ತಾಗದೆ ಇನ್ನೇನು?

"ಇದೇನ್ಲಾ ಗುರು," ಅಂದಳು ಮೂಲೆಯಲ್ಲಿದ್ದ ಮುದುಕಿ. "ಚಂದ್ರಕ್ಕ ಮಣ್ಣಾಗಿ ವರ್ಷ ಆತು. ಇನ್ನೂ ಆಕೀನೇ ಕರೀತಾನಲ್ಲ!"

"ತಡಿ ಅಜ್ಜಿ, ಅದ್ಕೂ ಐತೆ." ಗುರುರಾಜ್ ಫೋನು ಉಜ್ಜಿದ. "ಆ್ಯಪ್ ಬಂದೈತೆ. ಮಾವನ ದನೀಲೇ ಮಾವನ ಹೆಸರು ಬರಂಗೆ ಮಾಡ್ತೀನಿ. ಎರಡೇ ನಿಮಿಷ. ಸ್ಪೀಕರ್ ಟ್ರ್ಯಾಕ್ಟರ್ ಮೇಲಿಟ್ರೆ ಕುಣಿ ತನಕ ಮಾವನೇ ಹಾಡ್ಕಂತ ಹೋಗ್ತಾನೆ. ಬೋರಣ್ಣ, ನೀವು ಯಾವಾಗ್ಲೂ ಹೇಳೋದು ಹೇಳ್ರಿ, ಸಾಕು."

ಶಿವಗಂಗಮ್ಮ ಬೋರಣ್ಣನನ್ನೇ ನೋಡಿದಳು. "ಏನಂತೀಯಪ್ಪ? ನಂಗೆ ಪದ ಒಂದಿದ್ರೆ ಸಾಕು. ನೀ ಹೂಂ ಅಂದ್ರೆ ಹೂಂ."

ಬೋರಣ್ಣ ನಾಗರಾಜಪ್ಪನ ಮುಚ್ಚಿದ ಬಾಯಿಯನ್ನು ನೋಡಿದ. ಸತ್ತವನೇ ಸತ್ತವನನ್ನು ಕರೆದರೆ, ಕಳಿಸಿಕೊಡಲು ಬದುಕಿದ್ದವರು ಯಾರೂ ಬರಲಿಲ್ಲ ಅಂದಂತೆ.

"ಬ್ಯಾಡ."

"ಮತ್ತೆ ಪದ ಎತ್ತೋರು ಯಾರು?" ಅಂದ ಗುರುರಾಜ್. " ನಿಮ್ಮ ದನಿ ಏಳಲ್ಲ ಬೋರಣ್ಣ, ಬೇಜಾರು ಮಾಡ್ಕಬ್ಯಾಡ್ರಿ. ಎರಡೇ ನಿಮಿಷ—"

"ಬ್ಯಾಡ ಅಂದ್ನಲ್ಲ. ತೆಗಿ ಅದನ್ನ." ಬೋರಣ್ಣ ತಾಳ ಕುಟ್ಟಿ, ಏಳದ ದನಿಯಲ್ಲೇ ಮೊದಲ ಸಾಲು ಎತ್ತಿದ: "ಹೊತ್ತು ಇಳಿದೈತೆ ನಾಗರಾಜಪ್ಪ, ಎಲ್ಲಿದ್ದೀಯೋ ತಂದೆ?"