ಬಿಸಿಯಾಗದ ನೀರು ಮತ್ತು ವಿಶಾಲಮ್ಮ

ಯಾವ ವಸ್ತುವೇ ಆಗಲಿ ಪೂರ್ತಿಯಾಗಿ ಕೆಟ್ಟುಹೋಗುತ್ತದೆ ಎಂಬುದನ್ನು ವಿಶಾಲಮ್ಮನವರು ಜೀವಮಾನದಲ್ಲಿ ಒಮ್ಮೆಯೂ ಒಪ್ಪಿದವರಲ್ಲ. ಮಿಕ್ಸಿ ಕೆಟ್ಟಿದೆಯೆಂದೋ ಗಡಿಯಾರ ಕೆಟ್ಟಿದೆಯೆಂದೋ ಯಾರಾದರೂ ಬಾಯಿತಪ್ಪಿ ಹೇಳಿದರೆ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಎಲ್ಲಿ ಕೆಟ್ಟಿದೆ? ಜಾಗ ಹೇಳಿ" ಎಂದು ತರಗತಿಯಲ್ಲಿ ಕೇಳಿದಂತೆಯೇ ಕೇಳುತ್ತಿದ್ದರು. ಬೇಲೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದಾಗ ಹಾರತುರಾಯಿಗಳ ಜೊತೆಗೆ ಅವರು ಮನೆಗೆ ತಂದದ್ದು ಪ್ರಯೋಗಶಾಲೆಯ ತಮ್ಮ ಬಿಳಿ ಕೋಟನ್ನು. ಆಮ್ಲ ಸಿಡಿದು ಅಲ್ಲಲ್ಲಿ ತೂತುಬಿದ್ದಿದ್ದ ಆ ಕೋಟನ್ನು ಸೀರೆಯ ಮೇಲೆ ತೊಟ್ಟು, ತೋಳು ಮಡಿಸಿ, ಅವಸರದ ಪುಟ್ಟ ಹೆಜ್ಜೆಗಳಲ್ಲಿ ಅವರು ನಡುಮನೆ ದಾಟಿದರೆಂದರೆ ಏನನ್ನೋ ಬಿಚ್ಚಲಿದ್ದಾರೆಂದು ಪತಿ ರಂಗನಾಥ್ ಅವರಿಗೆ ತಿಳಿಯುತ್ತಿತ್ತು. ಅವರು ಮೆಲ್ಲಗೆ ಪೇಪರಿನ ಹಿಂದೆ ಅಂತರ್ಧಾನರಾಗುತ್ತಿದ್ದರು. ವಿಶಾಲಮ್ಮನವರು ಮುಟ್ಟಿದ್ದೆಲ್ಲ ಸರಿಹೋಗುತ್ತಿತ್ತೆಂದೇನಲ್ಲ. ಅವರು ದುರಸ್ತಿ ಮಾಡಿದ ಗ್ರೈಂಡರು ರುಬ್ಬುತ್ತಾ ರುಬ್ಬುತ್ತಾ ಅಡುಗೆಮನೆಯಿಂದ ಹಜಾರಕ್ಕೆ ನಡೆದು ಬಂದದ್ದನ್ನು ಬೀದಿಯವರು ನೆನೆದು ನಗುತ್ತಿದ್ದರು. ಅವರೂ ನಗುತ್ತಿದ್ದರು, ನಕ್ಕು ಮತ್ತೆ ಬಿಚ್ಚುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಅವರ ಅತ್ತೆ ಅಂಕಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಗಂಡಸಿ ಊರಿನ ಕಡೆಯ ಬೇಸಾಯದ ಮನೆತನದ ಹೆಂಗಸು. ಸೊಂಟ ಮುರಿದರೂ ನಾಲಗೆ ಮೊಂಡಾಗಿರಲಿಲ್ಲ. ದಿನವೂ ಒದ್ದೆಯಾಗುವ ಹಾಸುಹೊದಿಕೆಗಳಿಗಾಗಿ ವಿಶಾಲಮ್ಮ ನೀರನ್ನು ತಾನೇ ಕಾಯಿಸಿಕೊಂಡು ಒಗೆಯುವ ವಾಷಿಂಗ್ ಮೆಷಿನ್ ತರಿಸಿದರು. ಒಂದು ಬೆಳಿಗ್ಗೆ ಅದು ನೀರು ತುಂಬಿಕೊಂಡು, ಸ್ವಲ್ಪ ತಿರುಗಿ, ಕೆಂಪು ದೀಪ ಮಿಟುಕಿಸಿ ನಿಂತುಬಿಟ್ಟಿತು. ಹಾಸನದಿಂದ ಬಂದ ಮೆಕ್ಯಾನಿಕ್, ನೀರಿನ ಬಿಸಿ ಅಳೆಯುವ ಸೆನ್ಸರ್ ಹೋಗಿದೆಯೆಂದೂ ಹೊಸದು ಬರಲು ತಿಂಗಳಾದರೂ ಬೇಕೆಂದೂ ವಿನಯದಿಂದಲೇ ಹೇಳಿ ಬಸ್ಸು ಹಿಡಿದ.

ಹಂಡೆಯಲ್ಲಿ ನೀರು ಕಾಯಿಸಿ ಹಿತ್ತಲ ಕಲ್ಲಿನ ಮೇಲೆ ಒಗೆಯುವುದು ಮತ್ತೆ ಮೊದಲಾಯಿತು. ವಿಶಾಲಮ್ಮನವರ ಬೆರಳ ಸಂದಿಗಳು ಬಿರಿದವು. ಅಷ್ಟರಲ್ಲಿ ಅವರ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಅತ್ತೆಯ ತಲೆದೆಸೆಯಲ್ಲಿಟ್ಟ ನೀರು ಇಟ್ಟ ಹಾಗೆಯೇ ಇರುತ್ತಿತ್ತು, ಕಾಫಿ ಕೆನೆಗಟ್ಟಿ ಆರುತ್ತಿತ್ತು. ಹೊಟ್ಟೆ ಸರಿಯಿಲ್ಲ, ಬಾಯಿ ರುಚಿಯಿಲ್ಲ ಎಂದು ಅಂಕಮ್ಮ ಏನೇನೋ ನೆಪ ಹೇಳಿದರು. ತುಟಿಗಳು ಒಣಗಿ ಸಿಪ್ಪೆಯೆದ್ದದ್ದನ್ನು ಕಂಡು ಸೊಸೆ ಪಟ್ಟುಹಿಡಿದು ಕೇಳಿದಾಗ ಮುದುಕಿ ಗೋಡೆಯ ಕಡೆ ತಿರುಗಿಕೊಂಡರು.

"ಕುಡುದ್ರೆ ಹಾಸ್ಗೆ ಒದ್ದೆ ಆಯ್ತದೆ ಕಣವ್ವ. ನಿನ್ನ ಕೈ ನೋಡಕ್ಕಾಗಕಿಲ್ಲ ನಂಗೆ."

ವಿಶಾಲಮ್ಮನವರು ಎದ್ದುಹೋಗಿ ಕೋಟು ತೊಟ್ಟರು.

ತಣ್ಣೀರಿನ ಒಗೆತಕ್ಕೆ ತಿರುಗಿಸಿ ನೋಡಿದರೆ ಯಂತ್ರ ಸರಾಗವಾಗಿ ನಡೆಯಿತು. ಬಿಸಿನೀರಿಗೆ ಇಟ್ಟ ಕೂಡಲೇ ಮುನಿಸಿಕೊಂಡಿತು. ಬೋರ್‌ವೆಲ್ ನೀರಿನ ಸುಣ್ಣ ಸೆನ್ಸರಿಗೆ ಕಟ್ಟಿರಬೇಕೆಂದು ಊಹಿಸಿ ನಿಂಬೆಹುಳಿ ಹಾಕಿ ಓಡಿಸಿದರು. ಡ್ರಮ್ಮು ಘಮಘಮಿಸಿತು, ಕೆಂಪು ದೀಪ ಮಾತ್ರ ಮಿಟುಕುತ್ತಲೇ ಇತ್ತು. ಆಮೇಲೆ ಪ್ಲಗ್ಗು ಕಿತ್ತು, ಬೆನ್ನಿನ ತಗಡು ಬಿಚ್ಚಿ, ಪೆನ್ನಿನ ಮುಚ್ಚಳದಷ್ಟಿದ್ದ ಆ ಸೆನ್ಸರನ್ನು ಹೊರಗೆಳೆದರು. ಬಸ್‌ಸ್ಟ್ಯಾಂಡಿನ ಬಳಿ ರೇಡಿಯೊ ಅಂಗಡಿ ಇಟ್ಟಿದ್ದ ಹಳೆಯ ಶಿಷ್ಯ ಬೀರೇಶನಿಂದ ವಿದ್ಯುತ್ ಅಳೆಯುವ ಮೀಟರು ತರಿಸಿ ಅದರ ತಂತಿಗಳನ್ನು ಸೆನ್ಸರಿಗೆ ಸಿಕ್ಕಿಸಿ, ಸೆನ್ಸರನ್ನು ಒಂದು ಪಾತ್ರೆಯಲ್ಲಿಟ್ಟರು. ಪೇಪರಿನ ಹಿಂದಿನಿಂದ ಎಳೆದು ತರಲಾದ ರಂಗನಾಥ್ ಅವರು ಪಾತ್ರೆಗೆ ಒಮ್ಮೆ ಬಿಸಿನೀರು, ಒಮ್ಮೆ ತಣ್ಣೀರು ಸುರಿದರು. ಬಿಸಿಗೆ ಮುಳ್ಳು ಒಂದು ಕಡೆ ವಾಲಿತು, ತಣ್ಣೀರಿಗೆ ತಿರುಗಿ ಬಂತು.

"ಇದಕ್ಕೆ ಜೀವ ಇದೆ ಕಣ್ರೀ" ಎಂದರು ವಿಶಾಲಮ್ಮ, ಪಿಸುದನಿಯಲ್ಲಿ.

ಸೆನ್ಸರ್ ಸರಿಯಾಗಿದ್ದರೆ ಅದರ ಸುದ್ದಿ ಹೊತ್ತೊಯ್ಯುವ ದಾರಿಯಲ್ಲೇ ತೊಡಕಿರಬೇಕು. ಬಿರಿದ ಬೆರಳುಗಳಿಂದ ವೈರನ್ನು ಇಂಚಿಂಚು ಸವರುತ್ತಾ ಹೋದರು. ಅದು ಸೆನ್ಸರಿಗೆ ಸಿಕ್ಕಿಕೊಳ್ಳುವ ಕಡೆ, ಸೋಪಿನ ನೀರು ತೊಟ್ಟಿಕ್ಕಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ಬ್ಲೇಡಿನಿಂದ ಕೆರೆದು, ಬಿಗಿಯಾಗಿ ಕೂರಿಸಿ, ತೊಟ್ಟಿಕ್ಕುತ್ತಿದ್ದ ಕೊಳವೆಯನ್ನು ಕ್ಲಿಪ್ಪು ಹಾಕಿ ಬಿಗಿಮಾಡಿ, ತಗಡು ಮುಚ್ಚಿದರು.

ಈ ಸಲ ಬಿಸಿನೀರಿಗೆ ಇಟ್ಟರೂ ದೀಪ ಮಿಟುಕಲಿಲ್ಲ. ಯಂತ್ರದ ಬಾಗಿಲ ಗಾಜಿನ ಮೇಲೆ ಅಂಗೈ ಊರಿ ಅವರು ಕಾದರು. ಬಹಳ ಹೊತ್ತಿನ ಮೇಲೆ ಗಾಜು ಬೆಚ್ಚಗಾಯಿತು, ಒಳಗೆ ಮಂಜು ಕವಿಯಿತು.

"ಆಯ್ತೇನೇ?" ಎಂದು ಒಳಗಿನಿಂದ ಅಂಕಮ್ಮ ಕೇಳಿದರು.

"ಆಯ್ತು ಅತ್ತೆ."

"ಹಂಗಾದ್ರೆ ಕಾಫಿ ತತ್ತಾ. ದೊಡ್ಡ ಲೋಟದಾಗೆ."

ಮರುದಿನ ಬೆಳಿಗ್ಗೆ ಸೊಸೆ ಕೋಣೆಗೆ ಬರುವ ಮೊದಲೇ ಮುದುಕಿ ಸಾರಿದರು: "ನಿನ್ ಮಿಸನ್ನಿಗೆ ಕೆಲ್ಸ ಕೊಟ್ಟಿವ್ನಿ, ಎತ್ಕೊಂಡೋಗು." ಆ ದನಿಯಲ್ಲಿ ಸಂಕೋಚದ ಸುಳಿವೂ ಇರಲಿಲ್ಲ. ವಿಶಾಲಮ್ಮ ಹೊದಿಕೆ ಎತ್ತಿಕೊಂಡು ನಗುತ್ತಲೇ ಹೊರಬಂದರು.

ಇಂಥವರನ್ನು ನಾವು ಹಟಮಾರಿಗಳೆಂದು ಲೇವಡಿ ಮಾಡುತ್ತೇವೆ. ಮಮತೆಯ ಮಾತು ಇವರಿಗೆ ಬರುವುದಿಲ್ಲವೆಂದು ಆಕ್ಷೇಪಿಸುತ್ತೇವೆ. ಯಾರದೋ ಸಂಕಟ ಕಿವಿಗೆ ಬಿದ್ದಾಗ ನಾವು ಸಮಾಧಾನದ ನುಡಿ ಹುಡುಕುತ್ತಾ ಕೂರುತ್ತೇವೆ, ಅವರು ಎದ್ದುಹೋಗಿ ಸ್ಕ್ರೂಡ್ರೈವರ್ ಹುಡುಕುತ್ತಾರೆ. ಅವರಿರುವ ಮನೆಯಲ್ಲಿ ಮನುಷ್ಯರು ಯಾರಿಗೂ ಹೊರೆಯೆನಿಸದೆ ಮುದುಕರಾಗಬಹುದು.