ಏಕಾಶನಕ್ಕೆ ಒಪ್ಪಿದ ಹನಿ

ಆ ಊರಿನ ಬಸದಿಯಲ್ಲಿ ದಶಲಕ್ಷಣ ಪರ್ವದ ಹತ್ತೂ ದಿನ ಶಾಸ್ತ್ರ ಓದುವವರು ಗಂಡಸರೇ. ಹೆಂಗಸರದೇನಿದ್ದರೂ ಹಿಂದೆ ಕೂತು ಕೇಳುವ ಕೆಲಸ. ಈ ವರ್ಷ ಹಿರಿಯರಿಗೆ ಅದೇನು ಬುದ್ಧಿ ಬಂತೋ, ಕೊನೆಯ ದಿನದ ಓದು ತ್ರಿಶಲಾಗೆ ಎಂದುಬಿಟ್ಟರು. ಐವತ್ತೆಂಟರ ತ್ರಿಶಲಾಳ ಕಾಲು ಅಂದಿನಿಂದ ನೆಲದ ಮೇಲೆ ನಿಂತಿದ್ದರೆ ಕೇಳಿ! ರೊಟ್ಟಿ ಬಡಿಯುವಾಗಲೂ ಬಾಯಲ್ಲಿ ಅದೇ ಪಾಠ.

ಆದರೆ ಭಾದ್ರಪದವೆಂದರೆ ಕಾಂಗ್ರೆಸ್ ಕಸ ಬಿಳಿ ಹೂ ಬಿಡುವ ಕಾಲವೂ ಹೌದು. ಕಬ್ಬಿನ ಬದುವಿನ ಕಡೆಯಿಂದ ಗಾಳಿ ಬೀಸಿದ್ದೇ ತಡ, ಅವಳ ಕಣ್ಣು ತುರಿಸಿ, ಕೆಂಡವಾಗಿ, ನೀರು ಸುರಿಸತೊಡಗಿದವು. ಪುಸ್ತಕ ತೆರೆದರೆ ಅಕ್ಷರವೆಲ್ಲ ಕಲಸಿದ ಹಿಟ್ಟು. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲವೇನೋ ಎಂದು ಅವಳಿಗೆ ಅಳುವೇ ಬಂತು.

ಕಾಯಿಲೆ ಒಬ್ಬರದಾದರೆ ವೈದ್ಯರು ಊರೆಲ್ಲ. ಗಂಡ ಸುಪಾರ್ಶ್ವ ಕೆಂಪು ತೆಗೆಯುವ ಹನಿ ತಂದ. ಸಾಲದೆಂದು ತನ್ನ ಪೊರೆ ಆಪರೇಷನ್ನಿನಲ್ಲಿ ಉಳಿದ ಬಾಟಲಿಯನ್ನೂ ಕಪಾಟಿನಿಂದ ತೆಗೆದ. ಪಕ್ಕದ ಮನೆಯವರು ಜೇನುತುಪ್ಪದ ಹನಿ ಕಳಿಸಿದರು. ಜೈನರ ಮನೆಗೆ ಜೇನು! ಅದು ಹೊಸ್ತಿಲಿಂದಲೇ ಹಿಂದಕ್ಕೆ ಹೋಯಿತು.

ಇಷ್ಟೆಲ್ಲ ಆದರೂ ತುರಿಕೆ ಇಳಿಯಲಿಲ್ಲ. ಯಾಕೆಂಬುದು ಸೊಸೆ ಬ್ರಾಹ್ಮಿಗೆ ಪರ್ವದ ಆರನೆಯ ದಿನ ಗೊತ್ತಾಯಿತು. ಅತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿ, ರೆಪ್ಪೆಯ ಮೇಲೆ ಹನಿ ಬಿಟ್ಟು, ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು.

"ಅತ್ತೀ! ಇದೇನ್ ಮಾಡಾಕತ್ತೀರಿ?"

"ಮೆಲ್ಲಗ ಮಾತಾಡ. ಮೊದಲನೇ ದಿನ ಕಣ್ಣಾಗ ಬಿಟ್ಟಿದ್ದೆ, ಗಂಟಲಾಗ ಕಹಿ ಇಳೀತು. ನಂದು ಏಕಾಶನ ಐತಿ. ದಿನಕ್ಕ ಒಂದ ಸಲ ಊಟ, ಒಂದ ಸಲ ನೀರು. ಗಂಟಲಾಗ ಇಳದ್ರ ನುಂಗಿಧಂಗ ಅಲ್ಲೇನು? ವ್ರತ ಮುರದು ಶಾಸ್ತ್ರ ಓದಲಿ?"

ನಗಬೇಕೋ ಅಳಬೇಕೋ ಬ್ರಾಹ್ಮಿಗೆ ತಿಳಿಯಲಿಲ್ಲ. ಎರಡೂ ಬಾಟಲಿ ಚೀಲಕ್ಕೆ ಹಾಕಿಕೊಂಡು ಅತ್ತೆಯನ್ನು ಜಮಖಂಡಿಯ ಬಸ್ಸು ಹತ್ತಿಸಿದಳು.

ಅಲ್ಲಿನ ಕಣ್ಣಿನ ಡಾಕ್ಟರ್ ಕಾಂಚನಾ ರೆಪ್ಪೆ ಮಗುಚಿ ನೋಡಿ, ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು.

"ಇದು ಕೆಂಪ ಅಷ್ಟ ಮುಚ್ಚತೈತ್ರಿ ಅಮ್ಮಾರ, ತುರಿಕಿ ಅಲ್ಲೇ ಇರತೈತಿ. ದಿನಾ ಹಾಕ್ಕೊಂಡ್ರ ಕಣ್ಣು ಇನ್ನೂ ಕೆಂಪ ಆಗತಾವು. ಈ ಎರಡನೇದು ಸ್ಟಿರಾಯ್ಡ್. ತುರಿಕಿ ನಿಲ್ಲಸತೈತಿ, ಖರೆ. ಆದ್ರ ಕೇಳದ ಹಾಕ್ಕೊಂಡ್ರ ಕಣ್ಣಿನ ಒತ್ತಡ ಏರಿ ದೃಷ್ಟಿನ ಹೋಗಬಹುದು. ಮನ್ಯಾಗ ಇಡಬ್ಯಾಡ್ರಿ."

ತ್ರಿಶಲಾ ಕೈ ಹಿಂದಕ್ಕೆ ಎಳೆದುಕೊಂಡಳು. ರೆಪ್ಪೆಯ ಮೇಲೆ ಬಿಟ್ಟದ್ದೇ ಪುಣ್ಯವಾಯಿತು!

"ಬರೇ ಕಣ್ಣೀರಿನಂಥಾ ಹನಿ ಅದಾವು," ಎಂದಳು ಡಾಕ್ಟರ್. " ಧೂಳಿ ತೊಳೀತಾವು, ತಂಪ ಅನಸತಾವು. ಆದ್ರ ದಿನಕ್ಕ ನಾಕ ಸಲ ಬೇಕು."

"ನಾಕ ಸಲ ಆಗೂದಿಲ್ರಿ," ಎಂದಳು ತ್ರಿಶಲಾ.

"ಅಲರ್ಜಿಗಂತನ ಇರೂ ಹನಿ ಬ್ಯಾರೆ ಅದಾವು. ಮುಂಜಾನಿ ಒಮ್ಮಿ, ಸಂಜಿಕ ಒಮ್ಮಿ."

"ಸಂಜಿಕ..." ತ್ರಿಶಲಾಳ ದನಿ ಉಡುಗಿತು. ಬ್ರಾಹ್ಮಿ ತಡೆಯಲಾರದೆ ಏಕಾಶನದ ಕಥೆಯನ್ನೂ, ಮುಚ್ಚಿದ ರೆಪ್ಪೆಯ ಕಥೆಯನ್ನೂ ಹೇಳಿಬಿಟ್ಟಳು. ಡಾಕ್ಟರ್ ನಗಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ಅದನ್ನ ಮೊದಲ ಹೇಳಬಾರದೇನ್ರಿ? ಅದೇ ಔಷಧದಾಗ ಗಟ್ಟಿದು ಒಂದೈತಿ. ದಿನಕ್ಕ ಒಂದ ಹನಿ, ಇಪ್ಪತ್ನಾಕ ತಾಸಿಗೆ ಸಾಕು. ಊಟಕ್ಕ ಕುಂತಾಗ ಹಾಕ್ಕೋರಿ. ಹಾಕಿದ ಮ್ಯಾಲ ಕಣ್ಣು ಮುಚ್ಚಿ, ಮೂಗಿನ ಕಡೀ ಮೂಲಿ ಬೆರಳಿಂದ ಎರಡ ನಿಮಿಷ ಒತ್ತಿ ಹಿಡೀರಿ. ಗಂಟಲಿಗೆ ಇಳಿಯೂದ ಕಡಿಮಿ. ತುರಿಸಿದ್ರ ತಣ್ಣೀರಾಗ ಅದ್ದಿದ ಅರಬಿ ಇಡ್ರಿ, ತಿಕ್ಕಬ್ಯಾಡ್ರಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ತ್ರಿಶಲಾ ಎದ್ದು ಡಾಕ್ಟರ ಕೈ ಹಿಡಿದುಕೊಂಡಳು. ಬನಹಟ್ಟಿ ದಾಟುವವರೆಗೂ ಬಸ್ಸಿನಲ್ಲಿ ಅವಳ ಬಾಯಿ ಮುಚ್ಚಲಿಲ್ಲ.

ಮರುದಿನ ತಟ್ಟೆಯ ಮುಂದೆ ಕೂತು ಹನಿ ಹಾಕಿಕೊಂಡು ಮೂಲೆ ಒತ್ತಿ ಹಿಡಿದಳು. ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. ಸುಪಾರ್ಶ್ವ ಗಡಿಯಾರ ಹಿಡಿದು ಎಣಿಸಿದ. ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ತ್ರಿಶಲಾ ಒಮ್ಮೆಲೇ ನಿಂತಳು.

"ಬ್ರಾಹ್ಮಿ! ಕಣ್ಣು ತುರಸವಲ್ದು!"

ಪುಸ್ತಕ ತಂದು ಓದಿದಳು. ಒಂದು ಪುಟ, ಎರಡು ಪುಟ. ಅಕ್ಷರಗಳು ಇದ್ದಲ್ಲೇ ಇದ್ದವು.

ಹತ್ತನೆಯ ದಿನ ಬಸದಿ ತುಂಬಿತ್ತು. ಮೈಕಿನ ಮುಂದೆ ತ್ರಿಶಲಾಳ ದನಿ ಮೊದಲು ನಡುಗಿತು, ಆಮೇಲೆ ನೆಟ್ಟಗಾಯಿತು. ಅರ್ಥ ಬಿಡಿಸಿ ಬಿಡಿಸಿ, ತಪ್ಪಿಲ್ಲದೆ ಓದಿದಳು. ಕೊನೆಯ ಪುಟಕ್ಕೆ ಬಂದು ತಲೆ ಎತ್ತಿದಳು. ಇಷ್ಟು ವರ್ಷ ತನ್ನ ಜೊತೆ ಹಿಂದೆ ಕೂರುತ್ತಿದ್ದ ಹೆಂಗಸರೆಲ್ಲ ಅದ್ಯಾವಾಗಲೋ ಎದ್ದು ಬಂದು ಮುಂದಿನ ಸಾಲು ಹಿಡಿದಿದ್ದರು. ಒಬ್ಬೊಬ್ಬರೂ ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿದ್ದರು. ತ್ರಿಶಲಾಳ ಕಣ್ಣು ತುಂಬಿ ಬಂತು, ಅಕ್ಷರಗಳು ಮಸುಕಾದವು.

ಗಂಡಸರ ಸಾಲಿನಲ್ಲಿ ಸುಪಾರ್ಶ್ವ ದಡಬಡಿಸಿ ಎದ್ದ. "ಲೇ, ಡ್ರಾಪ್ಸ್ ತಂದೇನಿ, ತಡೀ!"

"ಕೂಡ್ರಿ ನೀವು," ಎಂದಳು ತ್ರಿಶಲಾ ಮೈಕಿನಲ್ಲೇ. "ಇವು ತುರಿಕಿ ನೀರಲ್ಲ."

ಸೆರಗಿನಿಂದ ಕಣ್ಣೊರೆಸಿಕೊಂಡು ಉಳಿದ ಸಾಲುಗಳನ್ನು ಓದಿ ಮುಗಿಸಿದಳು.